ಉಕ್ಕಿನೂರಿನ ಮೂವರು: ಇಟಲಿಯ ಎಪಿಕ್ ಮೆಟಲ್ ಕುರಿತು ಗೆಳೆಯನಿಗೊಂದು ಪತ್ರ

ಪ್ರಿಯ ವೀರೇಶ,

ಇಟಲಿಯ ರಾಪ್ಸೊಡಿ ತಂಡದ ಆಲ್ಬಮ್‌ಗಳನ್ನು ಕೇಳಿ ಮುಗಿಸಿದ ಮೇಲೆ, ಅಲ್ಲಿನ ಎಪಿಕ್ ಮೆಟಲ್, ಅಂದರೆ ವೀರಗಾಥೆಗಳನ್ನು ಹಾಡುವ ಹೆವಿ ಮೆಟಲ್, ಎಂದರೆ ಕೀಬೋರ್ಡು, ಕೋರಸ್ಸು ಮತ್ತು ಕತ್ತಿ ಹಿಡಿದ ರಾಜಕುಮಾರ ಇಷ್ಟೇನಾ ಎಂದು ಕೇಳಿದ್ದೀಯೆ. ಅಲ್ಲ ಮಾರಾಯ. ರಾಪ್ಸೊಡಿಯ ಮೊದಲ ಆಲ್ಬಮ್ ಬಂದದ್ದು 1997ರಲ್ಲಿ. ಅದಕ್ಕೆ ಸರಿಯಾಗಿ ಹತ್ತು ವರ್ಷ ಮೊದಲೇ, ಟಸ್ಕನಿಯ ಕಡಲ ದಂಡೆಯ ಪಿಯೊಂಬಿನೊ ಎಂಬ ಊರಿನ ಮೂವರು ತಮ್ಮ ತಂಡದ ಹೆಸರನ್ನೇ ಇಟ್ಟು ಒಂದು ಆಲ್ಬಮ್ ಹೊರತಂದರು. ತಂಡದ ಹೆಸರು ಡಾರ್ಕ್ ಕ್ವಾರ್ಟರರ್. ಹೆವಿ ಮೆಟಲ್ ಕೇಳುವವರಲ್ಲಿ ಬಹುಪಾಲು ಜನರಿಗೆ ಇಂದಿಗೂ ಈ ಹೆಸರು ಗೊತ್ತಿಲ್ಲ. ಗೊತ್ತಿರುವವರು ಮಾತ್ರ ಅದನ್ನು ಮಡಿಯಿಂದ ಕಾಪಾಡಿಕೊಂಡು ಬಂದಿದ್ದಾರೆ.

ಪಿಯೊಂಬಿನೊ ಎಂಬ ಹೆಸರನ್ನು ನೀನು ತೋರಣಗಲ್ಲಿನಲ್ಲಿ ಕೇಳಿಯೇ ಇರುತ್ತೀಯೆ. ನಿಮ್ಮ ಜೆಎಸ್‌ಡಬ್ಲ್ಯು 2018ರಲ್ಲಿ ಕೊಂಡ ಇಟಲಿಯ ಉಕ್ಕಿನ ಕಾರ್ಖಾನೆ ಇರುವುದು ಅದೇ ಊರಿನಲ್ಲಿ. ಅಲ್ಲಿನ ಊದು ಕುಲುಮೆ 2014ರಲ್ಲೇ ತಣ್ಣಗಾಗಿತ್ತು. ಆದರೆ ಆ ನೆಲದಲ್ಲಿ ಕಬ್ಬಿಣದ ಕೆಲಸ ಕಾರ್ಖಾನೆಗಳ ಕಾಲಕ್ಕಿಂತ ಬಹಳ ಹಳೆಯದು. ಪಕ್ಕದ ಪೊಪುಲೋನಿಯದಲ್ಲಿ ರೋಮನ್ನರಿಗಿಂತ ಹಿಂದಿನ ಎಟ್ರುಸ್ಕನ್ ಜನ ಎದುರಿಗಿನ ಎಲ್ಬಾ ದ್ವೀಪದಿಂದ ಅದಿರು ತಂದು ಕರಗಿಸುತ್ತಿದ್ದರು. ಅದಿರು ಕರಗಿಸಿದ ಮೇಲೆ ಉಳಿದು ಅವರು ಸುರಿದ ಕಿಟ್ಟದ ರಾಶಿಗಳು ಬೆಳೆದು ಬೆಳೆದು ಅವರದೇ ಹಿರಿಯರ ಗೋರಿಗಳನ್ನು ಮುಚ್ಚಿಹಾಕಿದವು. ಇಪ್ಪತ್ತನೆಯ ಶತಮಾನದ ಮೊದಲರ್ಧದಲ್ಲಿ, ಆ ಕಿಟ್ಟದಲ್ಲಿ ಇನ್ನೂ ಬೇಕಾದಷ್ಟು ಕಬ್ಬಿಣ ಉಳಿದಿದೆ ಎಂದು ಅದನ್ನು ಅಗೆದು ಸಾಗಿಸತೊಡಗಿದಾಗ, ಅಡಿಯಲ್ಲಿದ್ದ ಗೋರಿಗಳು ಒಂದೊಂದಾಗಿ ಹೊರಬಂದವು. ಸಂಡೂರಿನ ಗಣಿಗಳನ್ನು ನೋಡುತ್ತ ಬೆಳೆದ ನಿನಗೆ ಇದನ್ನು ಹೆಚ್ಚು ವಿವರಿಸಬೇಕಾಗಿಲ್ಲ. ಇಂಥ ನೆಲದ ಮೇಲೆ ಹುಟ್ಟಿದ ತಂಡವೊಂದು ತನ್ನ ಎರಡನೆಯ ಆಲ್ಬಮ್‌ಗೆ 'ದಿ ಎಟ್ರುಸ್ಕನ್ ಪ್ರಾಫೆಸಿ' ಎಂದು ಹೆಸರಿಟ್ಟರೆ, ಅದು ಪುಸ್ತಕದಿಂದ ಎತ್ತಿಕೊಂಡ ವಿಷಯ ಅನ್ನಿಸುವುದಿಲ್ಲ.

ಮೂವರು ಯಾರೆಂದರೆ, ಹಾಡುತ್ತಲೇ ಬಾಸ್ ನುಡಿಸುವ ಜಿಯಾನಿ ನೆಪಿ, ಗಿಟಾರಿನ ಫುಲ್ಬೆರ್ತೊ ಸೆರೇನ, ಡ್ರಮ್ಸ್‌ನ ಪಾವ್ಲೊ ನಿಂಚಿ. ಇವರ ಬೇರು ಇರುವುದು 1974ರಷ್ಟು ಹಿಂದೆ, ಒಮೆಗಾ ಆರ್ ಎಂಬ ಹೆಸರಿನಲ್ಲಿ ನುಡಿಸುತ್ತಿದ್ದ ಕಾಲದಲ್ಲಿ. ಅಂದರೆ ಮೊದಲ ಆಲ್ಬಮ್ ಬರುವ ಹೊತ್ತಿಗೆ ಹದಿಮೂರು ವರ್ಷ ಕಳೆದಿದ್ದವು. ನನ್ನ ಪ್ರಕಾರ ಆ ಆಲ್ಬಮ್ಮಿನ ಗುಣವೂ ಅದು ಕಡೆಗಣಿಸಲ್ಪಟ್ಟ ಕಾರಣವೂ ಈ ಹದಿಮೂರು ವರ್ಷಗಳಲ್ಲಿಯೇ ಇದೆ. ಇವರು ಎಪ್ಪತ್ತರ ದಶಕದ ಹಾರ್ಡ್ ರಾಕ್‌ನಲ್ಲಿ ಪಳಗಿದವರು. ಪ್ರೆಮಿಯಾತ ಫೊರ್ನೆರಿಯ ಮಾರ್ಕೊನಿ, ಬಾಂಕೊ ಮೊದಲಾದ ತಂಡಗಳಿಂದಾಗಿ ಇಟಲಿಯಲ್ಲಿ ಪ್ರೊಗ್ರೆಸಿವ್ ರಾಕ್ ಉತ್ತುಂಗದಲ್ಲಿದ್ದ ಗಾಳಿಯನ್ನು ಉಸಿರಾಡಿದವರು. ಆಲ್ಬಮ್ ಅಂಗಡಿಗೆ ಬಂದದ್ದು ಮಾತ್ರ ವೇಗದ ಮೆಟಲ್‌ಗೆ ಹೆಸರಾದ ಮೆಟಾಲಿಕಾದ 'ಮಾಸ್ಟರ್ ಆಫ್ ಪಪೆಟ್ಸ್' ಮತ್ತು ಸ್ಲೇಯರ್‌ನ 'ರೇನ್ ಇನ್ ಬ್ಲಡ್' ಬಂದ ಮರುವರ್ಷ. ಊರಿಗೆ ಊರೇ ವೇಗದ ಹಿಂದೆ ಓಡುತ್ತಿದ್ದಾಗ, ನಿಧಾನವಾಗಿ ಕಥೆ ಬಿಚ್ಚುವ ಉದ್ದುದ್ದ ಹಾಡುಗಳನ್ನು, ಅದೂ ಒಂದು ಸಣ್ಣ ಕಂಪನಿಯ ಲೇಬಲ್ಲಿನಲ್ಲಿ ಬಂದದ್ದನ್ನು, ಕೇಳುವ ತಾಳ್ಮೆ ಯಾರಿಗಿತ್ತು? ಮರುವರ್ಷ ಮಿಲಾನಿನ ಆದ್ರಮೆಲೆಕ್ ತಂಡದ 'ಈರೆ ಮೆಲಾನಾಕ್ಸ್' ಬಂದಾಗ ಅದಕ್ಕೂ ಇದೇ ಗತಿಯಾಯಿತು.

ಇನ್ನು ಸಂಗೀತದ ಮಾತು. ಮೊದಲ ಹಾಡು 'ರೆಡ್ ಹಾಟ್ ಗ್ಲವ್ಸ್' ಶುರುವಾದಾಗ ನಿನಗೆ ಮೊದಲು ಅನ್ನಿಸುವುದು, ಧ್ವನಿಮುದ್ರಣ ಎಷ್ಟು ಒಣಕಲಾಗಿದೆ ಎಂದು. ಇಂದಿನ ಆಲ್ಬಮ್‌ಗಳಂತೆ ಗಿಟಾರ್ ಗೋಡೆಯಾಗಿ ನಿಲ್ಲುವುದಿಲ್ಲ. ವಾದ್ಯಗಳ ನಡುವೆ ಬೇಕಾದಷ್ಟು ಬಯಲಿದೆ. ನಾನು ಇದನ್ನು ಕೊರತೆ ಎಂದು ಒಪ್ಪುವುದಿಲ್ಲ. ಆ ಬಯಲಿನಲ್ಲಿಯೇ ನೆಪಿಯ ಬಾಸ್ ತನ್ನದೇ ದಾರಿ ಹಿಡಿದು ನಡೆಯುವುದು ಸ್ಪಷ್ಟವಾಗಿ ಕೇಳಿಸುತ್ತದೆ. ತಂಡದಲ್ಲಿರುವುದು ಒಂದೇ ಗಿಟಾರ್ ಆದ್ದರಿಂದ, ಸೆರೇನ ಸೋಲೊ ಹಿಡಿದಾಗ ಹಾಡನ್ನು ಹೊತ್ತು ನಿಲ್ಲುವ ಭಾರ ಬಾಸ್ ಮತ್ತು ಡ್ರಮ್ಸ್ ಮೇಲೆ ಬೀಳುತ್ತದೆ, ಮತ್ತು ಅವೆರಡೂ ಸುಮ್ಮನೆ ತಾಳ ಎಣಿಸುತ್ತ ಕೂರುವುದಿಲ್ಲ. 'ಕೊಲೋಸಸ್ ಆಫ್ ಆರ್ಜಿಲ್' ಕೇಳುವಾಗ ಒಮ್ಮೆ ಗಿಟಾರನ್ನು ಮರೆತು, ಕೆಳಗಿನ ಆ ಒಂದು ಎಳೆಯನ್ನಷ್ಟೇ ಹಿಡಿದು ಕೊನೆಯವರೆಗೆ ಹೋಗು.

ನೆಪಿಯ ದನಿಯ ಬಗ್ಗೆ ಬರೆಯುವವರೆಲ್ಲ ಇಟಲಿ ಎಂದ ಕೂಡಲೇ ಆಪೆರಾ ಎಂದು ಬರೆದುಬಿಡುತ್ತಾರೆ. ಆಪೆರಾ ಸಂಯೋಜಕ ಮಸ್ಕಾಗ್ನಿ ಹುಟ್ಟಿದ್ದು ಅದೇ ಪ್ರಾಂತದ ಲಿವೊರ್ನೊದಲ್ಲಿ ಎಂಬುದು ನಿಜ; ಆದರೂ ನನಗೆ ಆ ದನಿಯಲ್ಲಿ ಕೇಳಿಸುವುದು ಡೀಪ್ ಪರ್ಪಲ್ ತಂಡದ ಹಾಡುಗಾರ ಇಯಾನ್ ಗಿಲನ್‌ನ ಮನೆತನ. ಬಳ್ಳಾರಿ ಸೀಮೆಯ ಬಯಲಾಟದಲ್ಲಿ ರಾಕ್ಷಸ ವೇಷ ರಂಗಕ್ಕೆ ಬರುವ ಮೊದಲೇ ಅದರ ಅಬ್ಬರ ಬರುತ್ತದಲ್ಲ, ಹಾಗೆ ಈತನ ದನಿ ಹಾಡಿನೊಳಕ್ಕೆ ನುಗ್ಗುತ್ತದೆ: ಅಳತೆಗಿಂತ ದೊಡ್ಡದಾಗಿ, ಸ್ವಲ್ಪ ನಡುಗುತ್ತ, ನಾಚಿಕೆ ಎಂಬುದೇ ಇಲ್ಲದೆ. ಇಂಗ್ಲಿಷಿನ ಉಚ್ಚಾರಣೆ ಅಲ್ಲಲ್ಲಿ ಎಡವುತ್ತದೆ. ಅದನ್ನೇ ಹಿಡಿದುಕೊಂಡು ನಗುವವರೂ ಇದ್ದಾರೆ, ನಗಲಿ. ಆದರೆ 'ಗೇಟ್ಸ್ ಆಫ್ ಹೆಲ್' ಹಾಡನ್ನು ಈತನಷ್ಟು ನಂಬಿ ಹಾಡಬಲ್ಲವರು ಹೆಚ್ಚು ಮಂದಿ ಇಲ್ಲ. 'ದಿ ಎಂಟಿಟಿ'ಯಲ್ಲಿ ಮಾತ್ರ ಕೆಲವು ಕಡೆ ಅತಿಯಾಯಿತು ಅನ್ನಿಸುತ್ತದೆ ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ.

2007ರಲ್ಲಿ ಬೆಂಗಳೂರಿನ ಅರಮನೆ ಮೈದಾನದಲ್ಲಿ ಐರನ್ ಮೇಡನ್ ನೋಡಿ ಬಂದಾಗಿನಿಂದ ನಿನಗೆ ಉದ್ದನೆಯ ಹಾಡುಗಳ ಗೀಳು ಇರುವುದರಿಂದ ಒಂದು ಎಚ್ಚರಿಕೆ ಹೇಳಬೇಕು. ಮೇಡನ್‌ನ ಹಾಡು ಎಷ್ಟೇ ಉದ್ದವಿದ್ದರೂ, ಇಡೀ ಮೈದಾನ ದನಿಗೂಡಿಸುವ ಒಂದು ಸಾಲಿಗೆ ಮರಳಿ ಬರುತ್ತದೆ. ಇಲ್ಲಿ ಅಂಥ ಆಸರೆ ಕಡಿಮೆ. ಲಯ ಬದಲಾಗುತ್ತದೆ, ಹಿಂದೆ ಬಂದ ರಾಗ ಮತ್ತೆ ಬಾರದೆಯೂ ಹೋಗಬಹುದು. ಮೊದಲ ಸಲ ದಾರಿ ತಪ್ಪಿದಂತಾಗುತ್ತದೆ; ಕೆಲಸ ಮಾಡುತ್ತ ಹಿನ್ನೆಲೆಯಲ್ಲಿ ಹಾಕಿಕೊಳ್ಳುವ ಆಲ್ಬಮ್ ಇದಲ್ಲ.

ಎರಡನೆಯ ಆಲ್ಬಮ್ ಆದ ಮೇಲೆ ಸೆರೇನ ತಂಡ ಬಿಟ್ಟರು. ಬಹಳ ವರ್ಷಗಳ ನಂತರ ಎಟ್ರುಸ್‌ಗ್ರೇವ್ ಎಂಬ ತಂಡ ಕಟ್ಟಿ 2008ರಲ್ಲಿ 'ಮಾಸ್ಟರ್ಸ್ ಆಫ್ ಫೇಟ್' ತಂದರು. ನೆಪಿ ಮತ್ತು ನಿಂಚಿ ಬಿಡಲಿಲ್ಲ. ಒಡಿಸ್ಸಿಯಸ್‌ನ ಅಲೆದಾಟದ ಮೇಲೆ 2015ರಲ್ಲಿ 'ಇಥಾಕ', ವೆಸೂವಿಯಸ್ ಬೂದಿಯಲ್ಲಿ ಹೂತ ನಗರದ ಮೇಲೆ 2020ರಲ್ಲಿ 'ಪಾಂಪೆಯಿ' ಬಂದವು. ಈ ಹೊತ್ತಿಗೆ ಇವರಲ್ಲೂ ಕೀಬೋರ್ಡು ಸೇರಿಕೊಂಡಿದೆ, ಆದರೆ ನೀನು ಹೆದರುವ ಬಗೆಯದ್ದಲ್ಲ.

ಮೊದಲ ಆಲ್ಬಮ್ಮಿಗೆ ಇಪ್ಪತ್ತೈದು ತುಂಬಿದಾಗ, 2012ರಲ್ಲಿ, ಅದನ್ನೇ ಮತ್ತೆ ನುಡಿಸಿ ಮುದ್ರಿಸಿದರು. ಸದ್ದು ಅಚ್ಚುಕಟ್ಟಾಗಿದೆ, ದನಿಗೆ ವಯಸ್ಸೂ ಆಗಿಲ್ಲ. ಆದರೂ ನೀನು 1987ರದ್ದನ್ನೇ ಮೊದಲು ಕೇಳು. ಒಣಕಲು ಎಂದು ಬೇಸರವಾದರೆ ಮಾತ್ರ ಹೊಸದಕ್ಕೆ ಹೋಗು. ಯಾವುದು ಮೇಲು ಎಂಬ ಜಗಳವನ್ನು ನೀನು ದಸರಾಕ್ಕೆ ಬಂದಾಗ ಇಟ್ಟುಕೊಳ್ಳೋಣ.

ನಿನ್ನ,
ಸತೀಶ