ಬೆಶಾಆ ತೋವಾ, ಮಗಳೇ

ಬ್ನೇ ಬ್ರಾಕ್, ಇಸ್ರೇಲ್

ಪ್ರೀತಿಯ ಮಗಳೇ,

ಹುಟ್ಟುವ ಮಗುವಿಗೆ ಅಂಗಿ, ಟೊಪ್ಪಿ ಯಾವಾಗ ಕಳಿಸುತ್ತೀ ಅಂತ ಮೊನ್ನೆ ಫೋನಿನಲ್ಲಿ ನೀನು ಕೇಳಿದೆ. ನಾನು ಮಾತು ಮರೆಸಿದೆ. ಅದಕ್ಕೇ ಈ ಕಾಗದ.

ನಾನು ನೋಡಿಕೊಳ್ಳುವ ಯೆಹೂದ್ಯ ಅಜ್ಜಿಯ ಮೊಮ್ಮಗಳೂ ನಿನ್ನ ಹಾಗೇ ಏಳು ತಿಂಗಳ ಬಸುರಿ. ಸುದ್ದಿ ತಿಳಿದ ದಿನ ಸಂತೋಷಕ್ಕೆ ‘ಮಝಲ್ ತೋವ್’, ಅಂದರೆ ಶುಭಾಶಯ, ಅಂದುಬಿಟ್ಟೆ. ಅಜ್ಜಿ ಕೈ ಹಿಡಿದು, ಅದು ಹುಟ್ಟಿದ ಮೇಲೆ, ಈಗ ‘ಬೆಶಾಆ ತೋವಾ’ ಅನ್ನು ಅಂದರು. ಒಳ್ಳೆಯ ಗಳಿಗೆಯಲ್ಲಿ ಅಂತ ಅರ್ಥ. ಅವರ ಮನೆಯಲ್ಲಿ ಇನ್ನೂ ತೊಟ್ಟಿಲಿಲ್ಲ, ಒಂದು ಜೊತೆ ಕಾಲುಚೀಲವೂ ಇಲ್ಲ. ಎಲ್ಲ ಅಂಗಡಿಯಲ್ಲೇ ಆರಿಸಿಟ್ಟು ಬಂದಿದ್ದಾರೆ, ಹೆರಿಗೆಯಾದ ಮೇಲೆ ತರಿಸುತ್ತಾರಂತೆ. ಹೆಸರೂ ಗುಟ್ಟು. ಗಂಡಾದರೆ ಎಂಟನೇ ದಿನ ಸುನ್ನತಿಯಲ್ಲಿ, ಹೆಣ್ಣಾದರೆ ಅವರು ಪ್ರಾರ್ಥನೆಗೆ ಸೇರುವ ಸಭಾಮಂದಿರದಲ್ಲಿ ಅವರ ಧರ್ಮಗ್ರಂಥ ತೋರಾ ಓದುವಾಗ ಹೇಳುವುದು.

ನಮ್ಮ ದೃಷ್ಟಿಯ ಭಯವೇ, ಇಲ್ಲಿ ‘ಆಯಿನ್ ಹರಾ’. ಕಣ್ಣಿಗೆ ಮರೆಯಾದದ್ದರಲ್ಲೇ ಆಶೀರ್ವಾದ ನೆಲೆಸುತ್ತದೆ ಅಂತ ಅವರ ಗುರುಗಳ ಹಳೆಯ ಗ್ರಂಥ ತಾಲ್ಮೂದ್ ಹೇಳುತ್ತದೆ. ಕಟ್ಟಳೆಯೇನಲ್ಲ, ರೂಢಿ. ಮೊದಲೇ ಕೊಂಡಿಡುವ ಯೆಹೂದ್ಯರೂ ಬೇಕಾದಷ್ಟು ಇದ್ದಾರೆ.

ಹಾಗಂತ ಸುಮ್ಮನೆ ಕೂತಿಲ್ಲ. ಒಂಬತ್ತನೇ ತಿಂಗಳಲ್ಲಿ ಗಂಡ ಸಭಾಮಂದಿರದಲ್ಲಿ ತೋರಾ ಸುರುಳಿಗಳ ಪೆಟ್ಟಿಗೆಯ ಬಾಗಿಲು ತೆರೆಯುತ್ತಾನೆ, ಗರ್ಭದ ಬಾಗಿಲೂ ಹಾಗೇ ಸಲೀಸಾಗಿ ತೆರೆಯಲಿ ಅಂತ. ಬಾಣಂತಿ ಕೋಣೆಯಲ್ಲಿ ತೂಗುಹಾಕಲು ಬೈಬಲಿನ 121ನೇ ಕೀರ್ತನೆ. ಬೆಟ್ಟಗಳ ಕಡೆ ಕಣ್ಣೆತ್ತುವ ಅದೇ ಕೀರ್ತನೆ, ನಿನ್ನಜ್ಜಿ ಸಂಜೆ ಪ್ರಾರ್ಥನೆಯಲ್ಲಿ ನಮ್ಮಿಂದ ಬಾಯಿಪಾಠ ಹೇಳಿಸುತ್ತಿದ್ದದ್ದು. ಹೀಬ್ರೂವಿನಲ್ಲಿ ಕೇಳಿ ನನಗೆ ಕಣ್ಣು ತುಂಬಿತು.

ಇನ್ನೊಂದು ಕತೆ ಹೇಳಿದರು. ಹೊಟ್ಟೆಯಲ್ಲಿರುವ ಮಗುವಿನ ತಲೆಯ ಮೇಲೆ ದೀಪ ಉರಿಯುತ್ತದಂತೆ. ಆ ಬೆಳಕಿನಲ್ಲಿ ಲೋಕದ ಈ ತುದಿಯಿಂದ ಆ ತುದಿವರೆಗೆ ಅದಕ್ಕೆ ಕಾಣುತ್ತದೆ, ಇಡೀ ತೋರಾ ಕಲಿಯುತ್ತದೆ. ಹುಟ್ಟುವ ಹೊತ್ತಿಗೆ ದೇವದೂತ ಬಂದು ಬಾಯಿಗೊಂದು ಹೊಡೆದು ಎಲ್ಲ ಮರೆಸಿಬಿಡುತ್ತಾನೆ. ರಾತ್ರಿ ನಿದ್ದೆ ಬರದಾಗ ನಿನ್ನ ಮಗುವಿನ ದೀಪವನ್ನೇ ನೆನೆಯುತ್ತೇನೆ.

ಹೋದ ಸಲ ನೀನು ಆಸ್ಪತ್ರೆಯಿಂದ ಬರಿಗೈಯಲ್ಲಿ ಬಂದೆ. ನೀನು ಬರುವ ಮೊದಲು ತೊಟ್ಟಿಲನ್ನು ಅಟ್ಟಕ್ಕೇರಿಸಿದವಳು ನಾನು. ಹೊಲಿದಿಟ್ಟ ಹನ್ನೆರಡು ಅಂಗಿಗಳನ್ನು ಮಡಚುವಾಗ ನನ್ನ ಕೈ ಹೇಗೆ ನಡುಗಿತೆಂದು ನಿನಗೆ ಎಂದೂ ಹೇಳಿಲ್ಲ. ಮಗು ಅತ್ತ ಸುದ್ದಿ ಬರಲಿ, ಅವತ್ತೇ ಅಂಗಡಿಗೆ ಹೋಗುತ್ತೇನೆ. ಬೇಜಾರಾಗಬೇಡ. ತೊಟ್ಟಿಲು ಅಟ್ಟದಲ್ಲೇ ಇರಲಿ, ಹಗ್ಗ ಗಟ್ಟಿಯಿದೆಯಾ ಅಂತ ಮಾತ್ರ ನಿನ್ನ ಗಂಡನಿಗೆ ನೋಡಿಡಲು ಹೇಳು.

ನಿನ್ನ ಅಮ್ಮ