ಕೋಟೆಯ ಕಥೆ ಮೊಬೈಲಿಗೆ ಬರಲಿ, ಆದರೆ ದುರ್ಗದವರ ದನಿಯಲ್ಲಿ

ಮಾನ್ಯ ಸಂಪಾದಕರೇ,

ನಾನು ದಾವಣಗೆರೆಯ ಚೌಕಿಪೇಟೆಯಲ್ಲಿ ಟೇಲರ್. ಮೂವತ್ತು ವರ್ಷದಿಂದ ಮಷಿನ್ ತುಳಿಯುತ್ತಿದ್ದೇನೆ. ಈ ಕೆಲಸದಲ್ಲಿ ಕಣ್ಣು, ಕೈ, ಕಾಲು ಮೂರಕ್ಕೂ ಬಿಡುವಿಲ್ಲ. ಖಾಲಿ ಇರೋದು ಕಿವಿ ಒಂದೇ. ಮೊದಲು ಅದಕ್ಕೆ ರೇಡಿಯೊ ಇತ್ತು, ಈಗ ಮೊಬೈಲ್ ಬಂದಿದೆ. ಹಾಗಾಗಿ ಕೇಳಿಸಿಕೊಳ್ಳುವ ವಿಷಯದಲ್ಲಿ ನನಗೂ ನಾಲ್ಕು ಮಾತು ಹೇಳುವ ಹಕ್ಕಿದೆ ಅಂದುಕೊಂಡು ಈ ಪತ್ರ ಬರೆಯುತ್ತಿದ್ದೇನೆ.

ಹೋದ ತಿಂಗಳು ಒಂದು ಭಾನುವಾರ ಹೆಂಡತಿ, ಮಗಳ ಜೊತೆ ಚಿತ್ರದುರ್ಗದ ಕೋಟೆಗೆ ಹೋಗಿದ್ದೆ. ನಮ್ಮೂರಿಂದ ದುರ್ಗ ಅರವತ್ತು ಕಿಲೋಮೀಟರ್. ಆದರೂ ನಾನು ಕೋಟೆ ಹತ್ತಿ ಹದಿನೆಂಟು ವರ್ಷ ಆಗಿತ್ತು. ಹತ್ತಿರ ಇರುವುದನ್ನೇ ನಾವು ನೋಡುವುದಿಲ್ಲ, ಅಲ್ವಾ? ಹೊರಡುವ ಹಿಂದಿನ ರಾತ್ರಿ ಮಗಳು, 'ಅಪ್ಪಾಜಿ, ಕೋಟೆದು ಆಡಿಯೊ ಗೈಡ್ ಸಿಕ್ತು, ಡೌನ್‌ಲೋಡ್ ಮಾಡಿದೀನಿ' ಅಂದಳು. ಒಂದೊಂದು ಜಾಗಕ್ಕೆ ನಿಂತಾಗ ಒಂದೊಂದು ತುಣುಕು ಒತ್ತಿದರೆ ಅಲ್ಲಿಯ ಕಥೆ ಕಿವಿಯಲ್ಲಿ ಬರುತ್ತದಂತೆ. ಮೈಸೂರು ಅರಮನೆಯಲ್ಲಿ ಕೊರಳಿಗೆ ಹಾಕಿಕೊಳ್ಳುವ ಅಂಥದ್ದೊಂದನ್ನು ನೋಡಿದ್ದೆ. ನಮ್ಮ ಮೊಬೈಲಿಗೇ ಬಂತಲ್ಲ ಅಂತ ಖುಷಿಯಾಯಿತು.

ಕೋಟೆಯಲ್ಲಿ ಎರಡು ಬಾಗಿಲು ದಾಟುವ ಹೊತ್ತಿಗೆ ಆ ಖುಷಿ ಇಳಿಯಿತು. ಒತ್ತಿದರೆ ಪರದೆ ಮೇಲೆ ಚಕ್ರ ತಿರುಗುತ್ತದೆ, ಮಾತು ಬರುವುದಿಲ್ಲ. ಮೇಲೆ ಬಂಡೆಗಳ ನಡುವೆ ಸಿಗ್ನಲ್ ಇಲ್ಲ. ಮಗಳು ಹುಡುಕಿ ನೋಡಿದಳು. ಮನೆಯಲ್ಲಿ ಇಳಿದಿದ್ದು ಬರೀ ಜಾಗಗಳ ಪಟ್ಟಿ ಮತ್ತು ಫೋಟೊಗಳು. ಧ್ವನಿಯನ್ನು ಒಂದೊಂದಾಗಿ ಬೇರೆ ಇಳಿಸಿಕೊಳ್ಳಬೇಕಿತ್ತಂತೆ. ಅವಳು ಅದರಲ್ಲಿ ಮೂರು ಮಾತ್ರ ಇಳಿಸಿದ್ದಳು. ನಿಮ್ಮ ಓದುಗರಿಗೆ ಇಷ್ಟು ಹೇಳುತ್ತೇನೆ: ಹೊರಡುವ ಮುಂಚೆ ಮನೆಯಲ್ಲೇ ಫೋನನ್ನು ಏರೋಪ್ಲೇನ್ ಮೋಡಿಗೆ ಹಾಕಿ ಒಂದು ಸಲ ಕೇಳಿ ನೋಡಿ. ಆಗಲೂ ಮಾತಾಡಿದರೆ ಮಾತ್ರ ಅದು ನಿಮ್ಮ ಹತ್ತಿರ ಇದೆ ಅಂತ ಅರ್ಥ.

ಇದ್ದ ಮೂರನ್ನೇ ಕೇಳಿದೆವು. ಕನ್ನಡವೇ, ಆದರೆ ಕಂಪ್ಯೂಟರ್ ಹೇಳುವ ಕನ್ನಡ. ಹೈದರಾಲಿ ಕೋಟೆ ಗೆದ್ದ 1779ನೇ ಇಸವಿಯನ್ನು ಅದು 'ಒಂದು ಏಳು ಏಳು ಒಂಬತ್ತು' ಅಂತ ಫೋನ್ ನಂಬರ್ ಹೇಳಿದ ಹಾಗೆ ಹೇಳಿತು. ಕಡೆಯ ಮದಕರಿ ನಾಯಕರು ಸೆರೆ ಸಿಕ್ಕಿ ಶ್ರೀರಂಗಪಟ್ಟಣಕ್ಕೆ ಹೋದ ಸಂಗತಿಯನ್ನೂ ಅದೇ ರಾಗದಲ್ಲಿ ಓದಿ ಮುಗಿಸಿತು. ಊರಿಗೆ ಬಂದ ಮೇಲೆ ನಮ್ಮವ್ವ, ಮಂಡಿ ನೋವು ಅಂತ ಬಂದಿರಲಿಲ್ಲ, 'ನೀವು ಕೇಳಿದ್ದು ನನಗೂ ಹಾಕ್ರಿ' ಅಂದಳು. ಹಾಕಿದೆ. ಎರಡು ನಿಮಿಷ ಕೇಳಿ, 'ಯಾವೂರಾಕಿ ಇಕಿ? ಉಸುರೇ ತಗೋವಲ್ಲಳಲ್ಲ!' ಅಂದಳು.

ಇನ್ನೊಂದು ತೊಂದರೆ ಇದೆ, ಅದು ನನ್ನ ಕಸುಬಿನವರಿಗೆ ಬೇಗ ಗೊತ್ತಾಗುತ್ತದೆ. 'ಈಗ ನಿಮ್ಮ ಎಡಕ್ಕೆ ನೋಡಿ' ಅಂತು ಆ ಧ್ವನಿ. ಎಲ್ಲಿ ನಿಂತವರ ಎಡ? ನಾವು ಅಂಗಿಗೆ ಎಡ ತೋಳು ಅಂತ ಬರೆದರೆ ಹಾಕಿಕೊಳ್ಳುವವರ ಎಡ. ಎದುರು ನಿಂತು ಅಳತೆ ತೆಗೆಯುವ ನನಗೆ ಅದು ಬಲಗೈ ಕಡೆ. ಹೊಸ ಹುಡುಗರಿಗೆ ಮೊದಲ ದಿನ ಕಲಿಸುವ ಪಾಠವೇ ಇದು. ಈ ಕೋಟೆಯ ದಾರಿಯೋ, ಶತ್ರು ನೇರ ನುಗ್ಗಬಾರದು ಅಂತಲೇ ಬಾಗಿಲು ಬಾಗಿಲಿಗೂ ತಿರುವು ಇಟ್ಟು ಕಟ್ಟಿದ್ದು. ಅಂಥ ಕಡೆ ಸುಮ್ನೆ 'ಎಡಕ್ಕೆ' ಅಂದರೆ ನಾವೂ ಹೈದರನ ಸೈನ್ಯದ ಹಾಗೆ ದಿಕ್ಕು ತಪ್ಪುತ್ತೇವೆ. 'ಬಾಗಿಲಿಗೆ ಬೆನ್ನು ಮಾಡಿ ನಿಂತರೆ ಎಡಗಡೆ' ಅನ್ನಬೇಕು. ಬರೆಯುವವರು ಆ ಜಾಗದಲ್ಲಿ ನಿಂತು ಬರೆದಿದ್ದರೆ ಅನ್ನುತ್ತಿದ್ದರು.

ಕಡೆಗೆ ಒಬ್ಬ ವಯಸ್ಸಾದ ಗೈಡನ್ನು ಕರೆದುಕೊಂಡೆವು. ಅಲ್ಲಿಂದ ಕೋಟೆ ಬೇರೆಯೇ ಆಯಿತು. ಒಂದು ಬಂಡೆ ಮುಂದೆ ನಿಲ್ಲಿಸಿ ಅದರ ಅಂಚಿನ ಸಾಲು ಗುಳಿಗಳನ್ನು ತೋರಿಸಿದರು. ಕಲ್ಲು ಸೀಳಲು ಉಳಿಯಿಂದ ಹೊಡೆದ ಗುಳಿಗಳು. ನನಗೆ ಕಂಡಿದ್ದು ಕಚ್ಚಾ ಹೊಲಿಗೆ! ಬಟ್ಟೆಗೆ ನಾವು ದೂರ ದೂರ ಹಾಕುವ ಟಾಕಿನ ಹಾಗೆ, ಒಂದೇ ಅಳತೆ, ಒಂದೇ ಗೆರೆ. ಎರಡು ಸಲ ಕೋಟೆಗೆ ಬಂದಿದ್ದರೂ ಇದನ್ನು ನೋಡಿರಲಿಲ್ಲ. ಸಿಡಿಮದ್ದು ಅರೆಯುತ್ತಿದ್ದ ದೊಡ್ಡ ಬೀಸುವ ಕಲ್ಲುಗಳ ಹತ್ತಿರ ಅವರು ಕೈ ಸುತ್ತಿಸಿ ಸುತ್ತಿಸಿ ಹೇಳಿದ್ದು ನೋಡಿ ಮಗಳು ವಿಡಿಯೊ ಮಾಡಿಕೊಂಡಳು.

ಓಬವ್ವನ ಕಿಂಡಿಯಲ್ಲಿ ನಾನು ಇಳಿಯಲು ಹೋಗಿ ಮುಜುಗರವಾಯಿತು. ನನ್ನ ಸೊಂಟ ನಲವತ್ತು ಇಂಚು, ನಾನೇ ಅಳೆದಿದ್ದು. ಗೈಡು ನಕ್ಕು, 'ಅದಕ್ಕೇ ಸರ, ಒಬ್ಬೊಬ್ಬರೇ ತಲೆ ತೂರಿಸಿ ಬರಬೇಕಿತ್ತು. ಆಯಮ್ಮ ನೀರಿಗೆ ಬಂದಾಕಿ, ಗಂಡ ಊಟಕ್ಕೆ ಕುಂತಾನೆ, ಕೈಯಾಗೆ ಒನಕೆ' ಅಂದರು. ಅಷ್ಟೇ ಮಾತು. ಕಿಂಡಿಯಲ್ಲಿ ಸಿಕ್ಕಿಕೊಂಡ ಹೊಟ್ಟೆಗೆ ಆ ಕಥೆ ಅರ್ಥವಾದ ಹಾಗೆ ಯಾವ ಪಾಠದಲ್ಲೂ ಆಗಿರಲಿಲ್ಲ.

ಹಾಗಂತ ಆಡಿಯೊ ಗೈಡ್ ಬೇಡ ಅನ್ನುತ್ತಿಲ್ಲ. ಬೇಕೇ ಬೇಕು. ಎಲ್ಲರಿಗೂ ಗೈಡ್ ಸಿಗುವುದಿಲ್ಲ, ಎಲ್ಲರ ಜೇಬಿಗೂ ಆಗುವುದಿಲ್ಲ, ಕೆಲವರಿಗೆ ಒಬ್ಬರೇ ನಿಧಾನಕ್ಕೆ ನೋಡುವುದು ಇಷ್ಟ. ಕಣ್ಣು ಕಾಣದವರಿಗಂತೂ ಕೋಟೆ ಅಂದರೆ ಕೇಳಿದ್ದೇ ಕೋಟೆ. ನನ್ನ ಕೋರಿಕೆ ಪುರಾತತ್ವ ಮತ್ತು ಪ್ರವಾಸೋದ್ಯಮ ಇಲಾಖೆಯವರಿಗೆ. ಚಿತ್ರದುರ್ಗದಲ್ಲೇ ಆಕಾಶವಾಣಿ ಕೇಂದ್ರ ಇದೆ. ಅಲ್ಲಿ ಮೈಕು ಇದೆ, ಕನ್ನಡ ಬಾಯಿಬಿಟ್ಟು ಓದಬಲ್ಲವರು ಇದ್ದಾರೆ. ಕೋಟೆಯ ಗೈಡುಗಳನ್ನು ಅಲ್ಲಿ ಕೂರಿಸಿ ಅವರದೇ ಮಾತಲ್ಲಿ ರೆಕಾರ್ಡ್ ಮಾಡಲಿ. ಇಪ್ಪತ್ತು ಜಾಗ, ಜಾಗಕ್ಕೆ ಮೂರು ನಿಮಿಷ ಅಂದರೆ ಒಂದು ಗಂಟೆ. ಮಾತಿಗೆ 64 ಕೆಬಿಪಿಎಸ್, ಅಂದರೆ ಸೆಕೆಂಡಿಗೆ 64 ಕಿಲೋಬಿಟ್‌ನ ಎಂಪಿ3 ಸಾಕಂತೆ, ಆ ಲೆಕ್ಕದಲ್ಲಿ ಪೂರ್ತಿ ಸೇರಿ 29 ಎಂಬಿ ಆಸುಪಾಸು. ಮಗಳು ಲೆಕ್ಕ ಹಾಕಿದ್ದು. ನಾವು ದಿನಾ ವಾಟ್ಸಾಪಲ್ಲಿ ಕಳಿಸುವ ಗುಡ್ ಮಾರ್ನಿಂಗ್ ವಿಡಿಯೊಗಳು ಇದಕ್ಕಿಂತ ಜಾಸ್ತಿ ಆಗುತ್ತವೆ. ಆ್ಯಪ್ ಕೂಡ ಬೇಡ, ಒಂದೇ ಗಂಟಾಗಿ ಇಳಿಸಿಕೊಳ್ಳುವ ಹಾಗೆ ಇಟ್ಟರೆ ಸಾಕು. ಊರಲ್ಲೇ ಇಳಿಸಿಕೊಂಡು ಹೊರಡಬಹುದು. ಟಿಕೆಟ್ ಕೌಂಟರಿನಲ್ಲಿ ಒಂದು ಕ್ಯೂಆರ್ ಕೋಡ್ ಅಂಟಿಸಿದರೆ ಮರೆತು ಬಂದವರಿಗೂ ಆಯಿತು, ಕೆಳಗೆ ಸಿಗ್ನಲ್ ಇರುತ್ತದೆ.

ನಾವು ನಿಂತ ಜಾಗವನ್ನು ಜಿಪಿಎಸ್‌ನಲ್ಲಿ ಹಿಡಿದು ತಾನೇ ಮಾತು ಶುರು ಮಾಡುವ ಗೈಡುಗಳೂ ಬಂದಿವೆ. ಎತ್ತರದ ಬಂಡೆಗಳ ಸಂದಿಯಲ್ಲಿ ಜಿಪಿಎಸ್ ಆಚೀಚೆ ಆಗುತ್ತದೆ, ಬ್ಯಾಟರಿಯನ್ನೂ ತಿನ್ನುತ್ತದೆ. ಅದಕ್ಕಿಂತ ಜಾಗಜಾಗಕ್ಕೆ ಅಂಗೈ ಅಗಲದ ಫಲಕದಲ್ಲಿ 1, 2, 3 ಅಂತ ಬರೆದರೆ ಸಾಕು. ನೆಡುವ ಫಲಕ ಮಾತ್ರ. ದಯವಿಟ್ಟು ಬಂಡೆ ಮೇಲೆ ಪೇಂಟು ಬಳಿಯಬೇಡಿ, ಪ್ರೇಮಿಗಳು ಬರೆದಿರುವುದೇ ಸಾಕಷ್ಟಿದೆ.

ನೀರಿನ ಕಥೆಗೆ ಎರಡು ನಿಮಿಷ ಜಾಸ್ತಿ ಕೊಡಲಿ. ಗೋಪಾಲಸ್ವಾಮಿ ಹೊಂಡ ತುಂಬಿದರೆ ನೀರು ಅಕ್ಕ-ತಂಗಿ ಹೊಂಡಕ್ಕೆ, ಅಲ್ಲಿಂದ ಸಿಹಿನೀರು ಹೊಂಡ, ಕೆಳಗೆ ಊರೊಳಗಿನ ಸಂತೆ ಹೊಂಡ. ಒಂದರ ಹೆಚ್ಚುವರಿ ಇನ್ನೊಂದಕ್ಕೆ. ಮಳೆ ಕಡಿಮೆ ಇರುವ ಸೀಮೆಯಲ್ಲಿ ಬೆಟ್ಟದ ಮೇಲೆ ಇಷ್ಟು ಲೆಕ್ಕ ಇಟ್ಟಿದ್ದರು. ಹೆಚ್ಚಿನವರು ಗೋಪಾಲಸ್ವಾಮಿ ಹೊಂಡದ ಮುಂದೆ ಸೆಲ್ಫಿ ತಗೊಂಡು ಇಳಿಯುತ್ತಾರೆ. ನಾನೂ ಹದಿನೆಂಟು ವರ್ಷದ ಹಿಂದೆ ಫೋಟೊ ತೆಗೆಸಿಕೊಂಡೇ ಇಳಿದಿದ್ದೆ, ಅದು ರೀಲು ಕ್ಯಾಮೆರಾ.

ಒಂದು ಎಚ್ಚರ ಬೇಕು. ಹಿಡಿಂಬೇಶ್ವರ ಗುಡಿಯಲ್ಲಿ ಹಿಡಿಂಬನ ಹಲ್ಲು ಅಂತ ತೋರಿಸುತ್ತಾರೆ. ಆ ಕಥೆ ಬಿಡಬಾರದು, ಮಕ್ಕಳು ಬಾಯಿ ತೆರೆದು ಕೇಳುವುದು ಅದನ್ನೇ. ಆದರೆ 'ಜನ ಹೀಗೆ ಹೇಳುತ್ತಾರೆ' ಅನ್ನುವುದಕ್ಕೆ ಒಂದು ದನಿ, 'ಶಾಸನದಲ್ಲಿ ಹೀಗಿದೆ' ಅನ್ನುವುದಕ್ಕೆ ಇನ್ನೊಂದು ದನಿ ಇಟ್ಟರೆ ಕೇಳುವವರಿಗೆ ಗೊಂದಲ ಇರುವುದಿಲ್ಲ.

ಕೋಟೆಗಿಂತ ಇದು ಜಾಸ್ತಿ ಬೇಕಿರುವುದು ಬ್ರಹ್ಮಗಿರಿಗೆ. ನಾಲ್ಕು ವರ್ಷದ ಹಿಂದೆ ರೇಷ್ಮೆ ಸೀರೆ ತರಲು ಮೊಳಕಾಲ್ಮೂರಿಗೆ ಹೋದವನು ಅದೇ ತಾಲ್ಲೂಕಿನ ಬ್ರಹ್ಮಗಿರಿಯಲ್ಲಿರುವ ಅಶೋಕನ ಶಾಸನ ನೋಡಲು ಹೋದೆ. 1892ರಲ್ಲಿ ಶಾಸನ ತಜ್ಞ ಬಿ.ಎಲ್. ರೈಸ್ ಅದನ್ನು ಬೆಳಕಿಗೆ ತಂದರು ಅಂತ ಶಾಲೆಯಲ್ಲಿ ಓದಿದ್ದು ನೆನಪಿತ್ತು. ಬಂಡೆ ಮುಂದೆ ನಿಂತೆ. ಗೀಚಿದ ಹಾಗೆ ಅಕ್ಷರ. ಕೇಳೋಣ ಅಂದರೆ ಅವತ್ತು ಅಲ್ಲಿ ಒಬ್ಬರೂ ಇಲ್ಲ. ಹತ್ತು ನಿಮಿಷ ನಿಂತು ಬೀಡಿ ಸೇದಿ ವಾಪಸ್ ಬಂದೆ. ಆಮೇಲೆ ತಿಳಿದಿದ್ದು ಇಷ್ಟು: ತಂದೆ ತಾಯಿ ಮಾತು ಕೇಳಿ, ಪ್ರಾಣಿಗಳ ಮೇಲೆ ದಯೆ ಇರಲಿ, ಸತ್ಯ ಹೇಳಿ ಅಂತ ಅದರಲ್ಲಿದೆ. ಇಸಿಲ ಅನ್ನುವ ಊರಿನ ಹೆಸರಿದೆ. ಕಡೆಯಲ್ಲಿ ಬರೆದವನ ಹೆಸರು ಚಪಡ. ಶಾಸನ ಎಲ್ಲಾ ಬ್ರಾಹ್ಮಿ ಲಿಪಿಯಲ್ಲಿ, ಆದರೆ ತಾನು ಲಿಪಿಕಾರ ಅನ್ನುವ ಪದವನ್ನು ಮಾತ್ರ ಬಲದಿಂದ ಎಡಕ್ಕೆ ಬರೆಯುವ ಖರೋಷ್ಠಿಯಲ್ಲಿ ಹಾಕಿದ್ದಾನೆ. ದೂರದ ವಾಯವ್ಯ ಸೀಮೆಯ ಲಿಪಿ ಅದು. ನಾವು ಕೋಟಿನ ಒಳಗೆ ಅಂಗಡಿ ಚೀಟಿ ಹೊಲಿಯುತ್ತೇವಲ್ಲ, ಅದೇ! ಇದನ್ನು ಆ ಬಂಡೆ ಮುಂದೆಯೇ ಯಾರಾದರೂ ನನ್ನ ಕಿವಿಯಲ್ಲಿ ಹೇಳಿದ್ದರೆ ನಾನು ಆ ಪದ ಹುಡುಕದೆ ಬರುತ್ತಿದ್ದೆನೇ? ಮೊದಲ ಸಾಲನ್ನು ಶಾಸನದ ಭಾಷೆ ಪ್ರಾಕೃತದಲ್ಲೇ ಓದಿ ಕೇಳಿಸಿದರಂತೂ ಎರಡು ಸಾವಿರ ವರ್ಷಕ್ಕೂ ಹಿಂದಿನ ಮಾತು ಕಿವಿಗೆ ಬಿದ್ದ ಹಾಗೆ.

ನಮ್ಮ ಪಕ್ಕದ ಹರಿಹರದ ಗುಡಿಗೂ ಇದು ಆಗಬೇಕು. 1224ರಲ್ಲಿ ಹೊಯ್ಸಳರ ದಂಡನಾಯಕ ಪೊಲಾಳ್ವ ಕಟ್ಟಿಸಿದ್ದು ಅನ್ನುವುದು, ದಾವಣಗೆರೆಯಿಂದ ದಿನಾ ಬಸ್ಸಲ್ಲಿ ಓಡಾಡುವ ಎಷ್ಟು ಜನಕ್ಕೆ ಗೊತ್ತಿದೆ?

ಗೈಡುಗಳ ಹೊಟ್ಟೆ ಮೇಲೆ ಹೊಡೆದ ಹಾಗಲ್ಲವಾ ಅಂತ ಕೆಲವರು ಕೇಳಬಹುದು. ರೆಡಿಮೇಡ್ ಬಂದಾಗ ನನಗೂ ಇದೇ ಭಯವಿತ್ತು. ಅರ್ಧ ಗಿರಾಕಿ ಹೋದದ್ದು ನಿಜ, ಸುಳ್ಳು ಹೇಳುವುದಿಲ್ಲ. ಅದಕ್ಕೇ ದನಿ ಕೊಟ್ಟವರಿಗೆ ಒಂದು ಸಲದ ಸಂಭಾವನೆ ಸಾಲದು, ಪ್ರತಿ ವರ್ಷ ಏನಾದರೂ ಸಲ್ಲುವ ಏರ್ಪಾಡು ಬೇಕು. ಹೆಸರು ಹೇಳಿಯೇ ಮಾತು ಶುರುವಾಗಲಿ.

ಇಳಿಯುವಾಗ ನಮ್ಮ ಗೈಡನ್ನೇ ಕೇಳಿದೆ, ನಿಮ್ಮ ಮಾತು ಮೊಬೈಲಿಗೆ ತುಂಬಲು ಬಂದರೆ ಹೇಳ್ತೀರಾ ಅಂತ. ಅವರು ಟವೆಲ್ಲಿನಿಂದ ಮುಖ ಒರೆಸಿಕೊಂಡು, 'ಹೇಳ್ತೀನಿ ಸರ, ಅದಕ್ಕೇನು. ಆದ್ರೆ ಸ್ಟುಡಿಯೊದಾಗೆ ಬ್ಯಾಡ. ಬೆಳಿಗ್ಗೆ ಬಾಗಿಲು ತೆಗೆದ ಕೂಡ್ಲೆ ಮೈಕ್ ಹಿಡ್ಕಂಡು ಇಲ್ಲಿಗೇ ಬರಾಕ್ ಹೇಳ್ರಿ. ಕಲ್ಲು ಮುಟ್ಟದೆ ನನಗೆ ಮಾತು ಬರಲ್ಲ' ಅಂದರು.

ಇಂತಿ,
ಒಬ್ಬ ಟೇಲರ್,
ಚೌಕಿಪೇಟೆ, ದಾವಣಗೆರೆ