ತಮ್ಮ ತಂತ್ರಾಂಶದಿಂದ ಹೊರಟ ಕಡತದಲ್ಲಿ ಅಳತೆ, ಅಕ್ಷರ, ಬಣ್ಣ ಕೆಟ್ಟು ಆದ ನಷ್ಟದ ಬಗ್ಗೆ ದೂರು

ಇವರಿಂದ:
ಮಾಲೀಕರು, ಲೇಬಲ್ ಮತ್ತು ಆಮಂತ್ರಣ ಪತ್ರಿಕೆ ವಿನ್ಯಾಸದ ಅಂಗಡಿ, ಗದಗ

ಇವರಿಗೆ:
ಮುಖ್ಯಸ್ಥರು, ಗ್ರಾಹಕ ಸೇವಾ ವಿಭಾಗ

ವಿಷಯ: ಎಸ್‌ವಿಜಿ (ಗೆರೆ, ಆಕಾರಗಳ ಚಿತ್ರ ಇಡುವ ಸ್ವರೂಪ) ಮತ್ತು ಪಿಡಿಎಫ್ ಕಡತಗಳು ಬೇರೆ ತಂತ್ರಾಂಶದಲ್ಲಿ ಸರಿಯಾಗಿ ತೆರೆಯದಿರುವ ಕುರಿತು

ಮಾನ್ಯರೇ,

ತಮ್ಮ ವಿನ್ಯಾಸ ತಂತ್ರಾಂಶಕ್ಕೆ ಮೂರು ವರ್ಷಗಳಿಂದ ವಾರ್ಷಿಕ ಚಂದಾ ಕಟ್ಟುತ್ತಿದ್ದೇನೆ. ಇದರಲ್ಲಿ ಮಾಡಿದ ಕೆಲಸವನ್ನು ಬೇರೆ ಯಾವುದೇ ವೆಕ್ಟರ್ (ಚುಕ್ಕೆಗಳ ಬದಲು ಗೆರೆಗಳಲ್ಲಿ ಚಿತ್ರ ಬರೆಯುವ) ತಂತ್ರಾಂಶದಲ್ಲಿ ಇದ್ದಂತೆಯೇ ತೆರೆಯಬಹುದು ಎಂಬ ತಮ್ಮ ಜಾಹೀರಾತಿನ ಮಾತನ್ನು ನಂಬಿ ನಾನು ಇದನ್ನು ಕೊಂಡವನು. ನಮ್ಮ ಕಸುಬಿಗೆ ಈ ಮಾತೇ ಮುಖ್ಯ. ಏಕೆಂದರೆ ವಿನ್ಯಾಸ ನಡೆಯುವುದು ಗದಗಿನ ನನ್ನ ಅಂಗಡಿಯಲ್ಲಿ, ಮುದ್ರಣ ಹುಬ್ಬಳ್ಳಿಯ ಪ್ರೆಸ್ಸಿನಲ್ಲಿ, ಮತ್ತು ಅಲ್ಲಿರುವುದು ಬೇರೆ ಕಂಪನಿಯ ತಂತ್ರಾಂಶ.

ಕಳೆದ ತಿಂಗಳು ಗುರೆಳ್ಳು ಚಟ್ನಿಪುಡಿ ತಯಾರಿಸುವ ಗ್ರಾಹಕರೊಬ್ಬರಿಗೆ 90 ಮಿ.ಮೀ. ಅಗಲ, 60 ಮಿ.ಮೀ. ಎತ್ತರದ ಲೇಬಲ್ ಮಾಡಿಕೊಟ್ಟೆ. ಮೊದಲು ಪಿಡಿಎಫ್ ಆಗಿ ಉಳಿಸಿದಾಗ, ಹೆಸರಿನ ಹಿಂದೆ ಹಾಕಿದ್ದ ತೆಳು ನೆರಳಿನ ನೆಪದಲ್ಲಿ ತಮ್ಮ ತಂತ್ರಾಂಶವು ಆ ಭಾಗವನ್ನೆಲ್ಲ, ಅಕ್ಷರಗಳ ಸಮೇತ, ಚುಕ್ಕೆಗಳ ಚಿತ್ರವಾಗಿಸಿಬಿಟ್ಟಿತು. 2001ರಲ್ಲಿ ಬಂದ ಪಿಡಿಎಫ್ 1.4ರಿಂದಲೇ ಇಂಥ ನೆರಳಿಗೆ ಬೇಕಾದ ಪಾರದರ್ಶಕತೆಗೆ ಆ ಸ್ವರೂಪದಲ್ಲಿ ಜಾಗವಿರುವಾಗ ಅಕ್ಷರಗಳ ಅಂಚು ಮಸುಕಾಗಬೇಕಾದ ಕಾರಣವೇನೂ ಇರಲಿಲ್ಲ. ತಮ್ಮ ಸಹಾಯವಾಣಿಯವರು ಇಪಿಎಸ್ ಬಳಸಿ ನೋಡಿ ಎಂದರು. ಪಾರದರ್ಶಕತೆಯೇ ಇಲ್ಲದ ಹಳೆಯ ಸ್ವರೂಪವನ್ನು ಪಾರದರ್ಶಕತೆಯ ತೊಂದರೆಗೆ ಮದ್ದೆಂದು ಹೇಳಿದ್ದನ್ನು ಕೇಳಿ ನಗಬೇಕೋ ಅಳಬೇಕೋ ತಿಳಿಯಲಿಲ್ಲ.

ಹಾಗಾಗಿ ಎಸ್‌ವಿಜಿ ಕಡತ ಕಳುಹಿಸಿದೆ. ಪ್ರೆಸ್ಸಿನಿಂದ ಅರ್ಧ ಗಂಟೆಯಲ್ಲಿ ಫೋನ್ ಬಂತು. 'ಗುರೆಳ್ಳು' ಎಂಬಲ್ಲಿ ಳಕಾರದ ಒತ್ತು ಕೆಳಗಿಳಿಯದೆ ಪಕ್ಕದಲ್ಲಿ ಪೂರ್ಣಾಕ್ಷರವಾಗಿ ನಿಂತಿತ್ತು. 'ಚಟ್ನಿ', 'ಗ್ರಾಂ' ಎಂಬವುಗಳ ಗತಿಯೂ ಅದೇ. ಎಸ್‌ವಿಜಿ ಎಂಬುದು ಓದಬಹುದಾದ ಪಠ್ಯವೇ ಆದ್ದರಿಂದ ನೋಟ್‌ಪ್ಯಾಡಿನಲ್ಲಿ ತೆರೆದು ನೋಡಿದೆ. ಒಂದು ಸಾಲಾಗಿ ಇರಬೇಕಿದ್ದ ಪಠ್ಯವನ್ನು ತಮ್ಮ ತಂತ್ರಾಂಶವು ಹಲವು ತುಂಡು ಮಾಡಿ, ಪ್ರತಿ ತುಂಡಿಗೂ ಬೇರೆ ಸ್ಥಾನ ಬರೆದಿತ್ತು; ವ್ಯಂಜನ ಒಂದು ತುಂಡಿನಲ್ಲಿ, ಅದರ ಒತ್ತಾಗಬೇಕಾದ ಅಕ್ಷರ ಇನ್ನೊಂದರಲ್ಲಿ. ಇಂಗ್ಲಿಷಿಗೆ ಇದರಿಂದ ಬಾಧೆಯಿಲ್ಲ. ಅಕ್ಷರಗಳು ಕೂಡಿಕೊಂಡು ರೂಪ ತಳೆಯುವ ಕನ್ನಡ ಮಾತ್ರ ಹೀಗೆ ಕತ್ತರಿಸಿದಲ್ಲಿ ಮುರಿಯುತ್ತದೆ. ಹಿಂದೆ ಯೂನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲಿ ಕೆಲಸ ಮಾಡುವಾಗ, ಎದುರಿನವರ ಬಳಿ ಆ ಫಾಂಟ್ ಇಲ್ಲದಿದ್ದರೆ ಇಡೀ ಪುಟ ಚಿಹ್ನೆಗಳ ಗೋಜಲಾಗಿ ತೆರೆಯುತ್ತಿತ್ತು. ಆ ಗೋಳು ತಪ್ಪಲೆಂದೇ ನಾವು ಯೂನಿಕೋಡಿಗೆ ಬಂದದ್ದು.

"ಕರ್ವ್ ಮಾಡಿ ಕಳಿಸ್ರಿ" ಎಂದರು ಪ್ರೆಸ್ಸಿನವರು. ತಮ್ಮ ಸಹಾಯವಾಣಿಯ ಸಲಹೆಯೂ ಅದೇ. ಅಕ್ಷರಗಳನ್ನು ಕರ್ವ್ ಮಾಡಿದರೆ (ಗೆರೆಗಳಾಗಿ ಬದಲಿಸಿದರೆ) ಆಕಾರ ಉಳಿಯುತ್ತದೆ, ನಿಜ. ಆದರೆ ಆಮೇಲೆ ಅದು ಅಕ್ಷರವಾಗಿ ಉಳಿಯುವುದಿಲ್ಲ, ಬರೀ ಗೆರೆ. ಬೆಲೆ ಬದಲಾದಾಗಲೆಲ್ಲ, ಕಾಗುಣಿತ ತಿದ್ದಬೇಕಾದಾಗಲೆಲ್ಲ ಮೊದಲಿನಿಂದ ಟೈಪ್ ಮಾಡಬೇಕು. ತುರ್ತಿದ್ದುದರಿಂದ ಒಪ್ಪಿ ಹಾಗೆಯೇ ಕಳುಹಿಸಿದೆ, ಮತ್ತು ದೊಡ್ಡ ನಷ್ಟ ಆದದ್ದು ಈ ಎರಡನೆಯ ಕಡತದಿಂದ.

ಪ್ಲೇಟ್ ಮಾಡಿ 5,000 ಲೇಬಲ್ ಮುದ್ರಿಸಿ ಪಂಚಿಂಗ್‌ಗೆ ಕೊಟ್ಟಾಗ ಡೈಗೂ (ಲೇಬಲ್ ಕತ್ತರಿಸುವ ಅಚ್ಚಿಗೂ) ಮುದ್ರಣಕ್ಕೂ ತಾಳೆಯಾಗಲಿಲ್ಲ. ಅಳೆದು ನೋಡಿದರೆ ಲೇಬಲ್ 67.5 ಮಿ.ಮೀ. ಅಗಲ, 45 ಮಿ.ಮೀ. ಎತ್ತರ ಇತ್ತು, ಅಂದರೆ ಸರಿಯಾಗಿ ಮುಕ್ಕಾಲು. ಕಡತದಲ್ಲಿ ಅಗಲವನ್ನು ಯಾವ ಮಾನವನ್ನೂ ಹೇಳದೆ 255.118 ಎಂದು ಬರೆಯಲಾಗಿದೆ. ತಮ್ಮ ತಂತ್ರಾಂಶ 90 ಮಿ.ಮೀ.ಯನ್ನು ಇಂಚಿಗೆ 72 ಪಾಯಿಂಟ್ ಎಂದು ಲೆಕ್ಕ ಹಾಕಿದೆ. ಮಾನವಿಲ್ಲದ ಸಂಖ್ಯೆಯನ್ನು ಎಸ್‌ವಿಜಿಯಲ್ಲಿ ಪಿಕ್ಸೆಲ್ ಎಂದೇ ಓದಬೇಕು, ಮತ್ತು ವೆಬ್ ಮಾನದಂಡದ ಪ್ರಕಾರ ಇಂಚಿಗೆ 96 ಪಿಕ್ಸೆಲ್. ಇಂಕ್‌ಸ್ಕೇಪ್ ಎಂಬ ಇನ್ನೊಂದು ವೆಕ್ಟರ್ ತಂತ್ರಾಂಶದಲ್ಲಿ ತೆರೆದು ನೋಡಿದಾಗಲೂ ಅದೇ 67.5 ಬಂದುದರಿಂದ ದೋಷ ಪ್ರೆಸ್ಸಿನದಲ್ಲ ಎಂಬುದು ಖಚಿತವಾಯಿತು. 255.118ರ ಬದಲು '90 ಮಿ.ಮೀ.' ಎಂದೇ ಬರೆಯಲು ಎಸ್‌ವಿಜಿಯಲ್ಲಿ ಅವಕಾಶವಿದೆ. ಹಾಗೆ ಬರೆದಿದ್ದರೆ ಯಾರೂ ಊಹೆ ಮಾಡಬೇಕಾಗಿರಲಿಲ್ಲ. ಪ್ರೂಫನ್ನು ಮೊಬೈಲ್ ಪರದೆಯಲ್ಲಿ ನೋಡಿ ಒಪ್ಪಿಗೆ ಕೊಟ್ಟದ್ದು ನನ್ನ ತಪ್ಪು, ಅದನ್ನು ಮುಚ್ಚಿಡುವುದಿಲ್ಲ. ಆದರೆ ಎಲ್ಲ ಭಾಗಗಳೂ ಒಂದೇ ಪ್ರಮಾಣದಲ್ಲಿ ಕುಗ್ಗಿದಾಗ ಪರದೆಯ ಮೇಲೆ ವ್ಯತ್ಯಾಸ ಯಾರ ಕಣ್ಣಿಗೂ ಬೀಳದು. ಪೊಟ್ಟಣದ ಮೇಲಿನ ನಿವ್ವಳ ತೂಕದ ಅಂಕಿಗೆ ಕಾನೂನಿನಲ್ಲಿ ಕನಿಷ್ಠ ಎತ್ತರ ಗೊತ್ತುಪಡಿಸಿರುವುದರಿಂದ, ಕುಗ್ಗಿದ ಲೇಬಲನ್ನು ಹಾಗೂ ಹೀಗೂ ಅಂಟಿಸಿ ಮಾರುವ ಧೈರ್ಯ ನನ್ನ ಗ್ರಾಹಕರಿಗೂ ಬರಲಿಲ್ಲ.

ಬಣ್ಣದ ವಿಷಯದಲ್ಲಿ ನಾನು ತಮ್ಮನ್ನು ಪೂರ್ತಿಯಾಗಿ ದೂರುವುದಿಲ್ಲ. ಎಸ್‌ವಿಜಿಯ ಸಾಮಾನ್ಯ ಬಣ್ಣಗಳು ಪರದೆಯ ಕೆಂಪು, ಹಸಿರು, ನೀಲಿಗಳವು. ಮುದ್ರಣದ ನಾಲ್ಕು ಶಾಯಿಗಳ ಲೆಕ್ಕ ಅಲ್ಲಿಲ್ಲ. ಆದರೂ ಕಪ್ಪು ಶಾಯಿಯೊಂದರಲ್ಲೇ ಬೀಳಬೇಕಿದ್ದ ಸಣ್ಣ ಅಕ್ಷರಗಳು ನಾಲ್ಕು ಶಾಯಿಗಳ ಮಿಶ್ರಣವಾಗಿ ಅಂಚಿನಲ್ಲಿ ಕೆಂಪು, ನೀಲಿ ನೆರಳು ಬಿದ್ದಿದೆ. ಕತ್ತರಿಸುವ ಗೆರೆಗೆಂದು ಪ್ರತ್ಯೇಕ ಹೆಸರು ಕೊಟ್ಟಿದ್ದ ಸ್ಪಾಟ್ ಬಣ್ಣವು (ನಾಲ್ಕು ಶಾಯಿಗಳಲ್ಲಿ ಬೆರೆಯದೆ ಬೇರೆಯಾಗಿಯೇ ಇರಬೇಕಾದದ್ದು) ಮಾಮೂಲಿ ಗುಲಾಬಿಯಾಗಿ ಲೇಬಲಿನ ಮೇಲೆಯೇ ಮುದ್ರಿತವಾಗಿದೆ. ಉಳಿಸುವ ಹೊತ್ತಿಗೆ 'ಈ ಬಣ್ಣಗಳು ಉಳಿಯುವುದಿಲ್ಲ' ಎಂಬ ಒಂದು ಸಾಲಿನ ಎಚ್ಚರಿಕೆ ಪರದೆಯ ಮೇಲೆ ಬಂದಿದ್ದರೆ ಸಾಕಿತ್ತು. ಬಂದದ್ದು 'ಯಶಸ್ವಿಯಾಗಿ ಉಳಿಸಲಾಗಿದೆ' ಎಂಬ ಸಂದೇಶ.

ಮರುಮುದ್ರಣಕ್ಕೆ ನಾನು ಕೈಯಿಂದ ಕೊಟ್ಟ 9,500 ರೂಪಾಯಿಯನ್ನೂ ಈ ವರ್ಷದ ಚಂದಾದಲ್ಲಿ ಉಳಿದ ತಿಂಗಳುಗಳ ಹಣವನ್ನೂ ಹಿಂದಿರುಗಿಸಬೇಕೆಂದು ಕೋರುತ್ತೇನೆ. ಜೊತೆಗೆ, ಎಸ್‌ವಿಜಿಯಲ್ಲಿ ಅಳತೆಯನ್ನು ಮಿಲಿಮೀಟರಿನಲ್ಲಿ ಬರೆಯುವ ಮತ್ತು ಕನ್ನಡ ಪಠ್ಯವನ್ನು ತುಂಡರಿಸದೆ ಇಡುವ ತಿದ್ದುಪಡಿ ಯಾವಾಗ ಬರುತ್ತದೆಂದು ಲಿಖಿತವಾಗಿ ತಿಳಿಸಬೇಕು. ತಮ್ಮದೇ ಸ್ವರೂಪದಲ್ಲಿರುವ ನನ್ನ ಮೂರು ವರ್ಷದ ಕೆಲಸವನ್ನು ಚಂದಾ ನಿಂತ ಮೇಲೂ ತೆರೆದು ಬೇರೆಡೆಗೆ ಸಾಗಿಸಿಕೊಳ್ಳಲು ದಾರಿ ಮಾಡಿಕೊಡಬೇಕು. ಇಲ್ಲದಿದ್ದರೆ ಚಂದಾ ಬಿಡುವ ಸ್ವಾತಂತ್ರ್ಯ ನನಗೆ ಹೆಸರಿಗಷ್ಟೇ ಇದ್ದಂತಾಗುತ್ತದೆ.

ವ್ಯಾಪಾರಕ್ಕೆ ಬಳಸುವವರು ಗ್ರಾಹಕರಲ್ಲ ಎಂದು ತಮ್ಮ ಪ್ರತಿನಿಧಿ ಫೋನಿನಲ್ಲಿ ಹೇಳಿದರು. ಸ್ವಯಂ ಉದ್ಯೋಗದಿಂದ ಜೀವನೋಪಾಯ ನಡೆಸಲೆಂದೇ ಕೊಂಡವರನ್ನು 2019ರ ಗ್ರಾಹಕ ಸಂರಕ್ಷಣಾ ಕಾಯ್ದೆ ಗ್ರಾಹಕರೆಂದೇ ಪರಿಗಣಿಸುತ್ತದೆ. ಈ ಪತ್ರ ತಲುಪಿದ 15 ದಿನಗಳೊಳಗೆ ಉತ್ತರ ಬಾರದಿದ್ದಲ್ಲಿ ಜಿಲ್ಲಾ ಗ್ರಾಹಕ ಆಯೋಗಕ್ಕೆ ಅರ್ಜಿ ಸಲ್ಲಿಸುತ್ತೇನೆ.

ಮೂಲ ಕಡತ, ಎರಡೂ ಎಸ್‌ವಿಜಿ ಕಡತಗಳು, ಪ್ರೆಸ್ಸಿನ ಬಿಲ್ಲು ಮತ್ತು ಅಳತೆಪಟ್ಟಿ ಇಟ್ಟು ತೆಗೆದ ಲೇಬಲಿನ ಫೋಟೋಗಳನ್ನು ಲಗತ್ತಿಸಿದ್ದೇನೆ.

ಇಂತಿ ತಮ್ಮ ವಿಶ್ವಾಸಿ,
ಚಂದಾದಾರ, ಗದಗ